ಸ್ಟ್ರಿಂಗ್‌ನ ಒಂದು ಪ್ರೈವೇಟ್ ಫೀಲ್ಡ್: ಜಾವಾ 8ರಿಂದ 17ಕ್ಕೆ ಹೋದಾಗ ಮುರಿದದ್ದೇನು, ಏಕೆ

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯವನ್ನು ಹಿಡಿದಿಡುವ ಸ್ಟ್ರಿಂಗ್ ಕ್ಲಾಸಿನ ಒಳಗೆ ‘ವ್ಯಾಲ್ಯೂ’ ಎಂಬ ಫೀಲ್ಡ್, ಅಂದರೆ ದತ್ತ ಇಡುವ ಜಾಗ, ಇದೆ. ಪಠ್ಯದ ಅಕ್ಷರಗಳು ಕೂತಿರುವುದು ಅದು ತೋರಿಸುವ ಅರೇಯಲ್ಲಿ. ಅದು ಪ್ರೈವೇಟ್, ಹೊರಗಿನವರು ಮುಟ್ಟುವಂತಿಲ್ಲ. ಆದರೂ ವೇಗದ ಆಸೆಗೆ ಬಿದ್ದು ಸಾಕಷ್ಟು ಕೋಡ್ ಅದನ್ನು ವರ್ಷಾನುಗಟ್ಟಲೆ ಮುಟ್ಟುತ್ತಲೇ ಬಂದಿದೆ. ಈ ಒಂದು ಫೀಲ್ಡನ್ನು ಹಿಡಿದು ಹೊರಟರೆ ಪ್ರೈವೇಟ್, ಪ್ಯಾಕೇಜ್-ಪ್ರೈವೇಟ್, ಪ್ರೊಟೆಕ್ಟೆಡ್, ಪಬ್ಲಿಕ್ ಎಂಬ ನಾಲ್ಕು ಮಟ್ಟಗಳು ಯಾರನ್ನು, ಯಾವ ಹಂತದಲ್ಲಿ ತಡೆಯುತ್ತವೆ ಎಂಬುದು ಪಠ್ಯಪುಸ್ತಕದ ಕೋಷ್ಟಕಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇಲ್ಲಿ ತೆಗೆದುಕೊಂಡಿರುವುದು ಒಂದು ಮಾದರಿ ಸನ್ನಿವೇಶ, ಆದರೆ ಇದರ ಪ್ರತಿಯೊಂದು ಭಾಗವೂ ಹಳೆಯ ಜಾವಾ ಕೋಡ್‌ನಲ್ಲಿ ಮಾಮೂಲಾಗಿ ಸಿಗುವಂಥದ್ದು. ಜಾವಾ 8ರ ಮೇಲೆ ಓಡುವ ಒಂದು ಬಿಲ್ಲಿಂಗ್ ಸರ್ವರ್. ಅದರಲ್ಲಿ ಗ್ರಾಹಕರ ಹೆಸರು, ಊರು, ಮೊತ್ತದ ಸಾಲುಗಳನ್ನು ಬೈಟ್‌ಗಳಾಗಿ ಫೈಲಿಗೆ ಬರೆಯುವ ಪುಟ್ಟ ಸೀರಿಯಲೈಸರ್. ಸ್ಟ್ರಿಂಗ್‌ನ ಅಕ್ಷರ ಬೇಕಾದಾಗ ‘ಟುಕ್ಯಾರ್‌ಅರೇ’ ಮೆಥಡ್ ಕರೆದರೆ ಅದು ಪ್ರತಿ ಸಲವೂ ಹೊಸ ಅರೇ ಮಾಡಿ ನಕಲು ಕೊಡುತ್ತದೆ. ಆ ನಕಲು ದಂಡ ಎಂದು ಸೀರಿಯಲೈಸರ್ ಬರೆದವರು ರಿಫ್ಲೆಕ್ಷನ್ (ಓಡುವಾಗ ಕ್ಲಾಸಿನ ಒಳಭಾಗವನ್ನು ಹೆಸರಿನಿಂದ ಹುಡುಕಿ ಮುಟ್ಟುವ ಸೌಲಭ್ಯ) ಹಿಡಿದಿದ್ದಾರೆ: ಕ್ಲಾಸ್ ಮೊದಲ ಸಲ ಬಳಕೆಯಾದಾಗ ಒಮ್ಮೆ ಓಡುವ ಸ್ಟ್ಯಾಟಿಕ್ ಬ್ಲಾಕಿನಲ್ಲಿ ‘ಗೆಟ್‌ಡಿಕ್ಲೇರ್ಡ್‌ಫೀಲ್ಡ್’ನಿಂದ ವ್ಯಾಲ್ಯೂ ಫೀಲ್ಡನ್ನು ಹಿಡಿಯುವುದು, ‘ಸೆಟ್‌ಆ್ಯಕ್ಸೆಸಿಬಲ್’ಗೆ ಟ್ರೂ ಕೊಡುವುದು, ಆಮೇಲೆ ಪ್ರತಿ ಸ್ಟ್ರಿಂಗ್‌ನಿಂದ ಒಳಗಿನ ಅರೇಯನ್ನೇ ನೇರವಾಗಿ ಎತ್ತಿಕೊಂಡು ಕ್ಯಾರ್ ಅರೇ (ಅಕ್ಷರಗಳ ಸಾಲು) ಎಂದು ಕಾಸ್ಟ್ ಮಾಡುವುದು, ಅಂದರೆ ಅದು ಆ ಟೈಪಿನದೇ ಎಂದು ಘೋಷಿಸುವುದು. ಫೀಲ್ಡ್ ಸಿಗದಿದ್ದರೆ ಮಾಮೂಲು ದಾರಿ ಹಿಡಿಯಲಿ ಎಂದು ‘ನೋಸಚ್‌ಫೀಲ್ಡ್‌ಎಕ್ಸೆಪ್ಶನ್’ ಮತ್ತು ‘ಸೆಕ್ಯೂರಿಟಿಎಕ್ಸೆಪ್ಶನ್’ ಎರಡಕ್ಕೂ ಕ್ಯಾಚ್ ಇದೆ. ಜಾವಾ 8ರಲ್ಲಿ ಎಲ್ಲವೂ ಸರಿಯಾಗಿ ಓಡುತ್ತಿತ್ತು. ಸರ್ವರನ್ನು ನೇರ ಜಾವಾ 17ಕ್ಕೆ ಏರಿಸಿದಾಗ ಒಂದರ ಹಿಂದೆ ಒಂದು ಮೂರು ತರಹದ ತೊಂದರೆ. ಮೊದಲೆರಡು ಕೂಗಿ ಹೇಳಿದವು, ಮೂರನೆಯದು ಬಾಯಿ ಬಿಡಲಿಲ್ಲ.

ತಡೆಯುವವರು ಯಾರು

ತೊಂದರೆಗೆ ಹೋಗುವ ಮುಂಚೆ ಕಾವಲು ಎಲ್ಲೆಲ್ಲಿದೆ ಎಂದು ನೋಡಬೇಕು. ಪ್ರೈವೇಟ್ ಎಂದು ಬರೆದ ಮಾತ್ರಕ್ಕೆ ಒಂದೇ ಜಾಗದಲ್ಲಿ ತಪಾಸಣೆ ಆಗುವುದಿಲ್ಲ.

ಮೊದಲನೆಯದು ಕಂಪೈಲರ್. ಬೇರೆ ಕ್ಲಾಸಿನಿಂದ ಸ್ಟ್ರಿಂಗ್‌ನ ವ್ಯಾಲ್ಯೂವನ್ನು ಹೆಸರು ಹಿಡಿದು ಕರೆದರೆ ‘ವ್ಯಾಲ್ಯೂ ಹ್ಯಾಸ್ ಪ್ರೈವೇಟ್ ಆ್ಯಕ್ಸೆಸ್ ಇನ್ ಸ್ಟ್ರಿಂಗ್’ ಎಂದು ಅಲ್ಲೇ ನಿಲ್ಲಿಸುತ್ತದೆ. ಎರಡನೆಯದು ಜೆವಿಎಂ, ಅಂದರೆ ಕಂಪೈಲ್ ಆದ ಜಾವಾ ಕೋಡನ್ನು ಓಡಿಸುವ ಸಾಫ್ಟ್‌ವೇರ್. ಕಂಪೈಲರನ್ನು ದಾಟಿ ಬಂದ ಬೈಟ್‌ಕೋಡಿನಲ್ಲಿ ಒಂದು ಫೀಲ್ಡಿನ ಉಲ್ಲೇಖವನ್ನು ಬಿಡಿಸುವಾಗ ಅದು ಮತ್ತೆ ನೋಡುತ್ತದೆ. ಇದು ಅನುಭವಕ್ಕೆ ಬರುವುದು ಅರೆಬರೆ ಕಂಪೈಲ್ ಮಾಡಿದಾಗ: ಒಂದು ಲೈಬ್ರರಿಯಲ್ಲಿ ಪಬ್ಲಿಕ್ ಇದ್ದ ಫೀಲ್ಡನ್ನು ಪ್ರೈವೇಟ್ ಮಾಡಿ ಆ ಜಾರ್ (ಕಂಪೈಲ್ ಆದ ಕ್ಲಾಸುಗಳ ಕಟ್ಟು) ಒಂದನ್ನೇ ಬದಲಿಸಿ, ಅದನ್ನು ಬಳಸುವ ಕೋಡನ್ನು ಮತ್ತೆ ಕಂಪೈಲ್ ಮಾಡದೆ ಬಿಟ್ಟರೆ, ಓಡುವಾಗ ‘ಇಲ್ಲೀಗಲ್‌ಆ್ಯಕ್ಸೆಸ್‌ಎರರ್’ ಬೀಳುತ್ತದೆ. ಇದನ್ನು ‘ಇಲ್ಲೀಗಲ್‌ಆ್ಯಕ್ಸೆಸ್‌ಎಕ್ಸೆಪ್ಶನ್’ ಜೊತೆ ಬೆರೆಸಿಕೊಳ್ಳುವವರು ಬಹಳ. ಎರರ್ ಬಂದರೆ ಜಾರ್‌ಗಳ ಆವೃತ್ತಿ ಹೊಂದುತ್ತಿಲ್ಲ ಎಂದರ್ಥ, ಜಾವಾ ಜಾರ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಾದ ಕ್ಲಾಸ್‌ಪಾತ್ ನೋಡಿ. ಎಕ್ಸೆಪ್ಶನ್ ಬಂದರೆ ಯಾರೋ ರಿಫ್ಲೆಕ್ಷನ್‌ನಲ್ಲಿ ಸೆಟ್‌ಆ್ಯಕ್ಸೆಸಿಬಲ್ ಕರೆಯದೆ ಕೈ ಹಾಕಿದ್ದಾರೆ.

ಮೂರನೆಯ ಜಾಗವೇ ರಿಫ್ಲೆಕ್ಷನ್. ಜಾವಾ 8ರ ತನಕ ಇಲ್ಲಿನ ಕಾವಲು ಹೆಸರಿಗಷ್ಟೇ. ಸೆಟ್‌ಆ್ಯಕ್ಸೆಸಿಬಲ್ ಟ್ರೂ ಎಂದರೆ ತಪಾಸಣೆ ಬಂದ್. ಸೆಕ್ಯೂರಿಟಿ ಮ್ಯಾನೇಜರ್ ಹಾಕಿದ್ದರೆ ಅದು ತಡೆಯಬಹುದಿತ್ತು, ಆದರೆ ಸರ್ವರ್‌ಗಳಲ್ಲಿ ಅದನ್ನು ಹಾಕುತ್ತಿದ್ದವರು ಕಮ್ಮಿ. ಜಾವಾ 17ರಲ್ಲಿ ಅದನ್ನು ತೆಗೆದುಹಾಕಲು ಗುರುತು ಮಾಡಿ, 24ರಲ್ಲಿ ಪೂರ್ತಿ ನಿಷ್ಕ್ರಿಯಗೊಳಿಸಿಯೂ ಆಗಿದೆ. ಅಂದರೆ ಇಷ್ಟು ವರ್ಷ ಪ್ರೈವೇಟ್ ಎಂಬುದು ಕಂಪೈಲರ್ ಮತ್ತು ಜೆವಿಎಂ ಮಟ್ಟಿಗೆ ನಿಯಮ, ರಿಫ್ಲೆಕ್ಷನ್ ಮಟ್ಟಿಗೆ ಬರೀ ವಿನಂತಿ.

2017ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 9 ನಾಲ್ಕನೆಯ ಕಾವಲನ್ನು ಸೇರಿಸಿತು, ಅದು ಮಾಡ್ಯೂಲ್: ಕ್ಲಾಸುಗಳ ಗುಂಪು ಪ್ಯಾಕೇಜ್, ಪ್ಯಾಕೇಜುಗಳ ಗುಂಪು ಮಾಡ್ಯೂಲ್. ಸೆಟ್‌ಆ್ಯಕ್ಸೆಸಿಬಲ್ ಕರೆದಾಗ ಈಗ ಕೇಳುವ ಪ್ರಶ್ನೆ ಬೇರೆ: ಫೀಲ್ಡ್ ಇರುವ ಪ್ಯಾಕೇಜನ್ನು ಅದರ ಮಾಡ್ಯೂಲ್ ಕರೆದವನಿಗೆ ‘ಓಪನ್’ ಮಾಡಿದೆಯೇ? ಮಾಡಿಲ್ಲವಾದರೆ ‘ಇನ್‌ಆ್ಯಕ್ಸೆಸಿಬಲ್‌ಆಬ್ಜೆಕ್ಟ್‌ಎಕ್ಸೆಪ್ಶನ್’. ಪಬ್ಲಿಕ್ ಎಂಬ ಪದದ ಅರ್ಥವೂ ಅಂದಿನಿಂದ ಕಿರಿದಾಯಿತು. ‘ಜೆಡಿಕೆ.ಇಂಟರ್ನಲ್.ಮಿಸ್ಕ್’ ಪ್ಯಾಕೇಜಿನ ಅನ್‌ಸೇಫ್ ಕ್ಲಾಸ್ ಪಬ್ಲಿಕ್ಕೇ, ಆದರೆ ‘ಜಾವಾ.ಬೇಸ್’ ಮಾಡ್ಯೂಲ್ ಆ ಪ್ಯಾಕೇಜನ್ನು ಬೆರಳೆಣಿಕೆಯ ತನ್ನವರಿಗೆ ಮಾತ್ರ ಎಕ್ಸ್‌ಪೋರ್ಟ್ ಮಾಡುವುದರಿಂದ ನಮ್ಮ ಕೋಡಿಗೆ ಅದು ಇಲ್ಲದ ಹಾಗೆ.

ಎಕ್ಸ್‌ಪೋರ್ಟ್ ಮತ್ತು ಓಪನ್ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಎಕ್ಸ್‌ಪೋರ್ಟ್ ಮಾಡಿದರೆ ಪಬ್ಲಿಕ್ ಸದಸ್ಯರು ಕಂಪೈಲ್ ಸಮಯದಲ್ಲೂ ಓಡುವಾಗಲೂ ಸಿಗುತ್ತಾರೆ, ಪ್ರೈವೇಟ್ ಸಿಗುವುದಿಲ್ಲ. ಓಪನ್ ಮಾಡಿದರೆ ಓಡುವಾಗ ರಿಫ್ಲೆಕ್ಷನ್‌ಗೆ ಪ್ರೈವೇಟ್ ಸಹಿತ ಎಲ್ಲವೂ ಸಿಗುತ್ತದೆ, ಕಂಪೈಲ್ ಸಮಯದಲ್ಲಿ ಏನೂ ಇಲ್ಲ. ‘ಜಾವಾ.ಲ್ಯಾಂಗ್’ ಎಲ್ಲರಿಗೂ ಎಕ್ಸ್‌ಪೋರ್ಟ್ ಆಗಿದೆ, ಯಾರಿಗೂ ಓಪನ್ ಆಗಿಲ್ಲ.

ಸ್ಟ್ರಿಂಗ್‌ನ ಮನೆಯೊಳಗೆ ಯಾರಿಗೆ ಎಷ್ಟು

ಪ್ರೈವೇಟ್ ಎಂದರೆ ಆ ಆಬ್ಜೆಕ್ಟಿಗೆ ಮಾತ್ರ ಎಂದು ಹೊಸಬರು ತಿಳಿಯುವುದುಂಟು. ಜಾವಾದಲ್ಲಿ ಗಡಿ ಕ್ಲಾಸಿನದು, ಆಬ್ಜೆಕ್ಟಿನದಲ್ಲ. ಸ್ಟ್ರಿಂಗ್‌ನ ‘ಈಕ್ವಲ್ಸ್’ ಮೆಥಡ್ ತೆರೆದು ನೋಡಿದರೆ ಎದುರಿನ ಸ್ಟ್ರಿಂಗ್‌ನ ವ್ಯಾಲ್ಯೂವನ್ನು ಯಾವ ಗೆಟರ್ ಇಲ್ಲದೆ ಸೀದಾ ಓದುತ್ತದೆ. ಎರಡೂ ಒಂದೇ ಕ್ಲಾಸಿನವು, ಸಾಕು.

ಪ್ಯಾಕೇಜ್-ಪ್ರೈವೇಟ್, ಅಂದರೆ ಯಾವ ಪದವನ್ನೂ ಬರೆಯದೆ ಬಿಟ್ಟದ್ದು, ಇಲ್ಲಿ ಅತ್ಯಂತ ಜಾಣತನದಿಂದ ಬಳಕೆಯಾಗಿರುವ ಮಟ್ಟ. ಸ್ಟ್ರಿಂಗ್ ಹುಟ್ಟಿಸುವ ಪಬ್ಲಿಕ್ ಕನ್‌ಸ್ಟ್ರಕ್ಟರ್‌ಗೆ ಕ್ಯಾರ್ ಅರೇ ಕೊಟ್ಟರೆ ಅದು ನಕಲು ಮಾಡಿಕೊಳ್ಳುತ್ತದೆ, ಏಕೆಂದರೆ ಕೊಟ್ಟವನು ಆಮೇಲೆ ಆ ಅರೇಯನ್ನು ಬದಲಿಸಿದರೆ ಸ್ಟ್ರಿಂಗ್ ಬದಲಾಗಕೂಡದು. ಆದರೆ ಜಾವಾ 8ರಲ್ಲಿ ಇನ್ನೊಂದು ಕನ್‌ಸ್ಟ್ರಕ್ಟರ್ ಇತ್ತು, ಕ್ಯಾರ್ ಅರೇ ಜೊತೆಗೆ ‘ಶೇರ್’ ಎಂಬ ಬೂಲಿಯನ್ ತೆಗೆದುಕೊಳ್ಳುವಂಥದ್ದು. ಅದು ನಕಲು ಮಾಡದೆ ಅದೇ ಅರೇಯನ್ನು ಇಟ್ಟುಕೊಳ್ಳುತ್ತಿತ್ತು. ಆ ಬೂಲಿಯನ್‌ಗೆ ಕೆಲಸವೇ ಇಲ್ಲ, ಪಬ್ಲಿಕ್ ಕನ್‌ಸ್ಟ್ರಕ್ಟರ್‌ನಿಂದ ಬೇರೆ ಎಂದು ತೋರಿಸಲು ಇಟ್ಟದ್ದು. ಅದು ಪ್ಯಾಕೇಜ್-ಪ್ರೈವೇಟ್ ಆಗಿದ್ದರಿಂದ ಇಂಟಿಜರ್ ಕ್ಲಾಸಿನ ‘ಟುಸ್ಟ್ರಿಂಗ್’ ಅಂಥ, ಅರೇಯನ್ನು ತಾವೇ ಹುಟ್ಟಿಸಿ ಬೇರೆ ಯಾರಿಗೂ ಕೊಡದ, ಅಕ್ಕಪಕ್ಕದ ಕೋಡಿಗೆ ಮಾತ್ರ ಆ ಸೌಲಭ್ಯ ಸಿಕ್ಕಿತು. ನಂಬಬಹುದಾದವರ ಪಟ್ಟಿ ಚಿಕ್ಕದು, ಒಂದೇ ಫೋಲ್ಡರ್‌ನಲ್ಲಿ ಕಣ್ಣಿಗೆ ಬೀಳುವಂಥದ್ದು. ಪ್ಯಾಕೇಜ್-ಪ್ರೈವೇಟನ್ನು ‘ಪದ ಹಾಕಲು ಮರೆತದ್ದು’ ಎಂದು ನೋಡುವವರು ಈ ಒಂದು ಉದಾಹರಣೆಯನ್ನು ಗಮನಿಸಬೇಕು.

ಅದರ ಮಿತಿಯೂ ಅಲ್ಲೇ ಇದೆ. ‘ಜಾವಾ.ಯುಟಿಲ್’ ಪ್ಯಾಕೇಜಿಗೆ ‘ಜಾವಾ.ಲ್ಯಾಂಗ್’ನ ಒಳಗಿನದ್ದು ಏನಾದರೂ ಬೇಕಾದರೆ ಪ್ಯಾಕೇಜ್-ಪ್ರೈವೇಟ್ ಅದನ್ನು ಕೊಡಲಾರದು. ಹೆಸರಿನಲ್ಲಿ ಚುಕ್ಕಿ ಇದ್ದ ಮಾತ್ರಕ್ಕೆ ಪ್ಯಾಕೇಜುಗಳ ನಡುವೆ ನೆಂಟಸ್ತಿಕೆ ಇಲ್ಲ. ಅದಕ್ಕಾಗಿ ಜೆಡಿಕೆಯವರು (ಜಾವಾದ ಡೆವಲಪ್‌ಮೆಂಟ್ ಕಿಟ್ ಕಟ್ಟುವವರು) ‘ಶೇರ್ಡ್‌ಸೀಕ್ರೆಟ್ಸ್’ ಎಂಬ ಒಳಸೇತುವೆಯನ್ನೇ ಕಟ್ಟಿಕೊಂಡಿದ್ದಾರೆ.

ಪ್ರೊಟೆಕ್ಟೆಡ್ ಈ ಪ್ರಕರಣದಲ್ಲಿ ಬರುವುದಿಲ್ಲ, ಸ್ಟ್ರಿಂಗ್ ಫೈನಲ್ ಕ್ಲಾಸ್, ಉಪಕ್ಲಾಸ್ ಇಲ್ಲ. ಪಕ್ಕದ ‘ಕ್ಲಾಸ್‌ಲೋಡರ್’ನ ‘ಡಿಫೈನ್‌ಕ್ಲಾಸ್’ ಪ್ರೊಟೆಕ್ಟೆಡ್. ಓಡುವಾಗಲೇ ಪ್ರಾಕ್ಸಿ, ಅಂದರೆ ಬದಲಿ ಕ್ಲಾಸ್, ಹುಟ್ಟಿಸುವ ಲೈಬ್ರರಿಗಳು ಉಪಕ್ಲಾಸ್ ಮಾಡದೆ ಅದನ್ನೂ ರಿಫ್ಲೆಕ್ಷನ್‌ನಿಂದ ಕರೆಯುತ್ತಿದ್ದವು, ಅವೂ ಇದೇ ಗೋಡೆಗೆ ಬಡಿದುಕೊಂಡವು. ಅವಕ್ಕೆ ಜಾವಾ 9ರಲ್ಲಿ ‘ಲುಕಪ್’ ಆಬ್ಜೆಕ್ಟಿನ ಡಿಫೈನ್‌ಕ್ಲಾಸ್ ಎಂಬ ರಾಜಮಾರ್ಗ ಸಿಕ್ಕಿತು. ಸಿ++ನಿಂದ ಬಂದವರಿಗೆ ಒಂದು ಮಾತು: ಜಾವಾದ ಪ್ರೊಟೆಕ್ಟೆಡ್ ಉಪಕ್ಲಾಸಿಗೆ ಮಾತ್ರವಲ್ಲ, ಅದೇ ಪ್ಯಾಕೇಜಿನ ಎಲ್ಲರಿಗೂ ಸಿಗುತ್ತದೆ.

ಪ್ರೈವೇಟ್ ಎಂದು ಬರೆದು ಅರೇಯ ಉಲ್ಲೇಖವನ್ನೇ ಹೊರಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೆಡಿಕೆಯಲ್ಲೇ ಹಳೆಯ ಪಾಠ ಇದೆ. 1997ರಲ್ಲಿ ಜೆಡಿಕೆ 1.1.1ರ ಕ್ಲಾಸ್ ಆಬ್ಜೆಕ್ಟಿನ ‘ಗೆಟ್‌ಸೈನರ್ಸ್’ ಮೆಥಡ್ ಒಳಗಿನ ಅರೇಯ ನಕಲಿನ ಬದಲು ಅರೇಯನ್ನೇ ಹಿಂದಿರುಗಿಸುತ್ತಿತ್ತು. ಆ್ಯಪ್ಲೆಟ್ (ಬ್ರೌಸರಿನೊಳಗೆ ಓಡುತ್ತಿದ್ದ ಜಾವಾ ಕೋಡ್) ಒಂದು ತನ್ನ ಸಹಿದಾರರ ಪಟ್ಟಿಯನ್ನು ತಾನೇ ತಿದ್ದಿಕೊಂಡು ನಂಬಿಕಸ್ಥರ ಸಹಿ ಹಾಕಿಕೊಳ್ಳಬಹುದು ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಪ್ರೈವೇಟ್ ಕಾಯುವುದು ಹೆಸರನ್ನು, ಆ ಹೆಸರು ತೋರಿಸುವ ವಸ್ತುವನ್ನಲ್ಲ. ಟುಕ್ಯಾರ್‌ಅರೇ ನಕಲು ಮಾಡುವುದು ಈ ಕಾರಣಕ್ಕೇ. ಸೀರಿಯಲೈಸರ್ ಬರೆದವರು ದಂಡ ಎಂದುಕೊಂಡದ್ದು ಸ್ಟ್ರಿಂಗ್ ಬದಲಾಗದು ಎಂಬ ಖಾತ್ರಿಯ ಬೆಲೆ.

ಒಳಗೆ ಎರಡು ಸಲ ಗೋಡೆ ಕದಲಿತು

ಜಾವಾ 6ರಲ್ಲಿ ಸ್ಟ್ರಿಂಗ್‌ನಲ್ಲಿ ವ್ಯಾಲ್ಯೂ ಜೊತೆ ‘ಆಫ್‌ಸೆಟ್’, ‘ಕೌಂಟ್’ ಎಂಬ ಎರಡು ಇಂಟ್ ಫೀಲ್ಡ್‌ಗಳಿದ್ದವು. ‘ಸಬ್‌ಸ್ಟ್ರಿಂಗ್’ ಕರೆದರೆ ಹೊಸ ಅರೇ ಆಗುತ್ತಿರಲಿಲ್ಲ, ತಾಯಿ ಸ್ಟ್ರಿಂಗ್‌ನ ಅರೇಯನ್ನೇ ಹಂಚಿಕೊಂಡು ಎಲ್ಲಿಂದ, ಎಷ್ಟು ಎಂದಷ್ಟೇ ಬರೆದುಕೊಳ್ಳುತ್ತಿತ್ತು. ವೇಗವೇನೋ ಸರಿ, ಆದರೆ ದೊಡ್ಡ ಫೈಲಿನ ಪಠ್ಯದಿಂದ ಹತ್ತು ಅಕ್ಷರ ಕತ್ತರಿಸಿ ಇಟ್ಟುಕೊಂಡರೆ ಇಡೀ ಫೈಲ್ ಮೆಮೊರಿಯಲ್ಲಿ ಉಳಿದುಬಿಡುತ್ತಿತ್ತು. 2012ರಲ್ಲಿ ಬಂದ 7ನೇ ಆವೃತ್ತಿಯ 6ನೇ ಅಪ್‌ಡೇಟಿನಲ್ಲಿ ಆ ಎರಡೂ ಫೀಲ್ಡ್ ಹೋದವು, ಸಬ್‌ಸ್ಟ್ರಿಂಗ್ ನಕಲು ಮಾಡತೊಡಗಿತು. ಗಮನಿಸಿ, ದೊಡ್ಡ ಬಿಡುಗಡೆಯಲ್ಲ, ಒಂದು ಅಪ್‌ಡೇಟ್. ಪ್ರೈವೇಟ್ ಆಗಿದ್ದರಿಂದಲೇ ಅದು ಸಾಧ್ಯವಾಯಿತು.

ಎರಡನೆಯದು ಜಾವಾ 9ರ ‘ಕಾಂಪ್ಯಾಕ್ಟ್ ಸ್ಟ್ರಿಂಗ್ಸ್’, ಜೆಡಿಕೆ ಸುಧಾರಣಾ ಪ್ರಸ್ತಾವಗಳಲ್ಲಿ (ಜೆಇಪಿ) 254ನೆಯದು. ಹೆಚ್ಚಿನ ಅಪ್ಲಿಕೇಶನ್‌ಗಳಲ್ಲಿ ಬಹುಪಾಲು ಸ್ಟ್ರಿಂಗ್‌ಗಳು ಬರೀ ಲ್ಯಾಟಿನ್-1 (ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಲಿಪಿಯ ಪಟ್ಟಿ) ಅಕ್ಷರದವು, ಪ್ರತಿ ಅಕ್ಷರಕ್ಕೆ ಎರಡು ಬೈಟ್ ಕೊಟ್ಟು ಅರ್ಧ ಜಾಗ ಸೊನ್ನೆ ತುಂಬುವುದು ಏಕೆ ಎಂಬ ಯೋಚನೆ. ವ್ಯಾಲ್ಯೂ ಕ್ಯಾರ್ ಅರೇ ಹೋಗಿ ಬೈಟ್ ಅರೇ ಆಯಿತು, ಪಕ್ಕದಲ್ಲಿ ‘ಕೋಡರ್’ ಎಂಬ ಒಂದು ಬೈಟ್ ಬಂತು. ಕೋಡರ್ 0 ಆದರೆ ಲ್ಯಾಟಿನ್-1, ಅಕ್ಷರಕ್ಕೆ ಒಂದು ಬೈಟ್. 1 ಆದರೆ ಯುಟಿಎಫ್-16, ಅಕ್ಷರಕ್ಕೆ ಎರಡು. ಒಂದೇ ಒಂದು ಅಕ್ಷರ ಲ್ಯಾಟಿನ್-1ರ ಆಚೆಯದಾದರೂ ಇಡೀ ಸ್ಟ್ರಿಂಗ್ ಎರಡನೆಯ ತರಹಕ್ಕೆ ಹೋಗುತ್ತದೆ. 99 ಇಂಗ್ಲಿಷ್ ಅಕ್ಷರದ ಜೊತೆ ಒಂದು ₹ ಚಿಹ್ನೆ ಸೇರಿದರೆ 200 ಬೈಟ್.

ಪಬ್ಲಿಕ್ ಮೆಥಡ್‌ಗಳು ಒಂದೂ ಬದಲಾಗಲಿಲ್ಲ. ನಿಯಮದೊಳಗೆ ಬರೆದ ಕೋಟ್ಯಂತರ ಸಾಲು ಕೋಡಿಗೆ ಏನೂ ಗೊತ್ತಾಗಲಿಲ್ಲ, ಮೆಮೊರಿ ಮಾತ್ರ ಉಳಿಯಿತು. ಇದರ ಎದುರಿಗೆ ಒಂದು ಪಬ್ಲಿಕ್ ತಪ್ಪನ್ನು ಇಟ್ಟು ನೋಡಿ. ಸ್ಟ್ರಿಂಗ್‌ನಲ್ಲಿ ನಾಲ್ಕು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಒಂದು ‘ಗೆಟ್‌ಬೈಟ್ಸ್’ ಇದೆ, ಅದು ಪ್ರತಿ ಅಕ್ಷರದ ಮೇಲಿನ ಬೈಟನ್ನು ಸುಮ್ಮನೆ ಬಿಸಾಕುತ್ತದೆ. 1997ರ ಜೆಡಿಕೆ 1.1ರಲ್ಲೇ ಅದನ್ನು ಬಳಸಬೇಡಿ ಎಂದು ಡೆಪ್ರಿಕೇಟ್ ಮಾಡಿದ್ದಾರೆ. ಜಾವಾ 17ರಲ್ಲೂ ಅದು ಕೂತಿತ್ತು. ಯಾರೋ ಕರೆಯುತ್ತಿರಬಹುದು ಎಂಬ ಭಯಕ್ಕೆ ಪಬ್ಲಿಕ್ ಆದದ್ದನ್ನು ತೆಗೆಯಲಾಗುವುದಿಲ್ಲ.

ಮೂರು ತೊಂದರೆ, ಬಂದ ಕ್ರಮದಲ್ಲಿ

ಜಾವಾ 17ರಲ್ಲಿ ಸರ್ವರ್ ಎದ್ದ ಕೂಡಲೇ ಲಾಗಿನಲ್ಲಿ ‘ನೋಕ್ಲಾಸ್‌ಡೆಫ್‌ಫೌಂಡ್‌ಎರರ್: ಕುಡ್ ನಾಟ್ ಇನಿಶಿಯಲೈಸ್ ಕ್ಲಾಸ್’ ಎಂದು ಸಾಲುಸಾಲಾಗಿ ಬಂತು. ಇದನ್ನು ನೋಡಿದವರು ಜಾರ್ ಕಾಣೆಯಾಗಿದೆ ಎಂದು ಹುಡುಕಲು ಹೊರಡುತ್ತಾರೆ. ಜಾರ್ ಇದೆ. ಸ್ಟ್ಯಾಟಿಕ್ ಬ್ಲಾಕಿನೊಳಗೆ ಎಕ್ಸೆಪ್ಶನ್ ಎದ್ದರೆ ಮೊದಲ ಸಲ ‘ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್’ ಬರುತ್ತದೆ, ಆ ಕ್ಲಾಸ್ ಕೆಟ್ಟದ್ದೆಂದು ಜೆವಿಎಂ ಗುರುತು ಹಾಕಿಕೊಳ್ಳುತ್ತದೆ, ಅಲ್ಲಿಂದಾಚೆ ಪ್ರತಿ ಬಳಕೆಗೂ ಈ ಎರಡನೆಯ ಎರರ್. ನಿಜವಾದ ಕಾರಣ ಪೂರ್ತಿಯಾಗಿ ಸಿಗುವುದು ಲಾಗಿನಲ್ಲಿ ಬಹಳ ಮೇಲೆ, ಆ ಮೊದಲ ಎರರ್ ಜೊತೆ. ಅಲ್ಲಿ ಸಿಕ್ಕಿದ್ದು: ‘ಅನೇಬಲ್ ಟು ಮೇಕ್ ಫೀಲ್ಡ್ ಪ್ರೈವೇಟ್ ಫೈನಲ್ ಬೈಟ್[] ಜಾವಾ.ಲ್ಯಾಂಗ್.ಸ್ಟ್ರಿಂಗ್.ವ್ಯಾಲ್ಯೂ ಆ್ಯಕ್ಸೆಸಿಬಲ್: ಮಾಡ್ಯೂಲ್ ಜಾವಾ.ಬೇಸ್ ಡಸ್ ನಾಟ್ “ಓಪನ್ಸ್ ಜಾವಾ.ಲ್ಯಾಂಗ್” ಟು ಅನ್‌ನೇಮ್ಡ್ ಮಾಡ್ಯೂಲ್’.

ಈ ಸಂದೇಶವನ್ನು ಪೂರ್ತಿ ಓದಬೇಕು, ಬೇಕಾದ್ದೆಲ್ಲ ಅದರಲ್ಲೇ ಇದೆ. ಯಾವ ಫೀಲ್ಡ್, ಅದು ಈಗ ಯಾವ ಟೈಪ್ (ಬೈಟ್ ಅರೇ ಎಂದು ಅಲ್ಲೇ ಬರೆದಿದೆ, ಆದರೂ ಯಾರೂ ನೋಡುವುದಿಲ್ಲ), ಯಾವ ಮಾಡ್ಯೂಲ್ ಯಾವ ಪ್ಯಾಕೇಜನ್ನು ಯಾರಿಗೆ ತೆರೆದಿಲ್ಲ. ಅನ್‌ನೇಮ್ಡ್ ಮಾಡ್ಯೂಲ್ ಎಂದರೆ ಕ್ಲಾಸ್‌ಪಾತ್ ಮೇಲಿನ ಕೋಡ್.

ಹಾಗಾದರೆ ಸೀರಿಯಲೈಸರ್‌ನ ಕ್ಯಾಚ್ ಏಕೆ ಹಿಡಿಯಲಿಲ್ಲ? ಇನ್‌ಆ್ಯಕ್ಸೆಸಿಬಲ್‌ಆಬ್ಜೆಕ್ಟ್‌ಎಕ್ಸೆಪ್ಶನ್ ಹುಟ್ಟಿದ್ದು ಜಾವಾ 9ರಲ್ಲಿ, ಅದರ ತಾಯಿ ಕ್ಲಾಸ್ ರನ್‌ಟೈಮ್‌ಎಕ್ಸೆಪ್ಶನ್. ಹಳೆಯ ಕೋಡ್ ಕಾದು ಕೂತಿದ್ದ ಎರಡರಲ್ಲಿ ಯಾವುದರ ಮಗುವೂ ಅಲ್ಲ. ಬದಲಿ ದಾರಿ ಬರೆದಿಟ್ಟಿದ್ದರೂ ಅಲ್ಲಿಗೆ ಹೋಗುವ ಮೊದಲೇ ಕ್ಲಾಸ್ ಬಿತ್ತು. ಜಾವಾ 8ರಲ್ಲೇ ಕಂಪೈಲ್ ಆಗಬೇಕಾದ ಕೋಡ್ ಈ ಹೊಸ ಕ್ಲಾಸನ್ನು ಹೆಸರಿಸುವಂತಿಲ್ಲ, ಹಾಗಾಗಿ ಅಂಥ ಕಡೆ ರನ್‌ಟೈಮ್‌ಎಕ್ಸೆಪ್ಶನ್ನನ್ನೇ ಹಿಡಿಯಬೇಕಾಗುತ್ತದೆ.

ಮಧ್ಯದ ಆವೃತ್ತಿಗಳಲ್ಲಿ ನಿಂತು ಬಂದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. 9ರಿಂದ 15ರ ತನಕ ‘ಇಲ್ಲೀಗಲ್-ಆ್ಯಕ್ಸೆಸ್’ ಎಂಬ ಆಯ್ಕೆಯ ಡಿಫಾಲ್ಟ್ ‘ಪರ್ಮಿಟ್’ ಆಗಿತ್ತು: ಮೊದಲ ಅತಿಕ್ರಮಕ್ಕೆ ಒಂದು ಎಚ್ಚರಿಕೆ, ಆಮೇಲೆ ಮೌನ. 2021ರ ಮಾರ್ಚ್‌ನ 16ರಲ್ಲಿ ಡಿಫಾಲ್ಟ್ ‘ಡಿನೈ’ ಆಯಿತು. ಅದೇ ವರ್ಷ ಸೆಪ್ಟೆಂಬರ್‌ನ 17ರಲ್ಲಿ ಆಯ್ಕೆಯೇ ಹೋಯಿತು, ಕೊಟ್ಟರೆ ಕಡೆಗಣಿಸುತ್ತೇನೆ ಎಂದು ಹೇಳಿ ಮುಂದೆ ಹೋಗುತ್ತದೆ.

ತುರ್ತಿಗೆ ಎಲ್ಲರೂ ಮಾಡುವುದನ್ನೇ ಇಲ್ಲೂ ಮಾಡಲಾಯಿತು: ಜೆವಿಎಂಗೆ ‘--ಆ್ಯಡ್-ಓಪನ್ಸ್ ಜಾವಾ.ಬೇಸ್/ಜಾವಾ.ಲ್ಯಾಂಗ್=ಆಲ್-ಅನ್‌ನೇಮ್ಡ್’ ಎಂಬ ಆಯ್ಕೆ. ಬಾಗಿಲು ತೆರೆಯಿತು, ಎರಡನೆಯ ತೊಂದರೆ ಎದುರಾಯಿತು: ‘ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್: ಕ್ಲಾಸ್ [ಬಿ ಕೆನಾಟ್ ಬಿ ಕಾಸ್ಟ್ ಟು ಕ್ಲಾಸ್ [ಸಿ’. [ಬಿ ಎಂದರೆ ಬೈಟ್ ಅರೇ, [ಸಿ ಎಂದರೆ ಕ್ಯಾರ್ ಅರೇ. ಆ್ಯಡ್-ಓಪನ್ಸ್ ಅನುಮತಿಯನ್ನಷ್ಟೇ ಕೊಡುತ್ತದೆ, ಒಳಗಿನ ಜೋಡಣೆ ಹಳೆಯದರಂತೆಯೇ ಇರುತ್ತದೆ ಎಂಬ ಭರವಸೆಯನ್ನಲ್ಲ. ಆ ಭರವಸೆಯನ್ನು ಜಾವಾ ಯಾವತ್ತೂ ಯಾರಿಗೂ ಕೊಟ್ಟಿರಲಿಲ್ಲ.

ಅನುಮತಿಯ ವ್ಯಾಪ್ತಿಯೂ ಯೋಚಿಸಬೇಕಾದದ್ದು. ಬೇಕಾಗಿದ್ದುದು ಒಂದು ಕ್ಲಾಸಿಗೆ ಒಂದು ಫೀಲ್ಡ್. ತೆರೆದದ್ದು ಇಡೀ ಜಾವಾ.ಲ್ಯಾಂಗ್ ಪ್ಯಾಕೇಜ್, ಥ್ರೆಡ್, ಕ್ಲಾಸ್‌ಲೋಡರ್ ಎಲ್ಲ ಸೇರಿ, ಅದೂ ಕ್ಲಾಸ್‌ಪಾತ್ ಮೇಲಿನ ಪ್ರತಿ ಜಾರ್‌ಗೆ. ಇದನ್ನು ಉಳಿಸಿಕೊಳ್ಳುವುದಾದರೆ ಏಕೆ ಬೇಕು, ಯಾವ ಲೈಬ್ರರಿಗೆ ಬೇಕು ಎಂದು ಸ್ಕ್ರಿಪ್ಟಿನಲ್ಲಿ ಪಕ್ಕದಲ್ಲೇ ಬರೆದಿಡಿ, ಇಲ್ಲವಾದರೆ ಅದನ್ನು ತೆಗೆಯುವ ಧೈರ್ಯ ಮುಂದೆ ಯಾರಿಗೂ ಬರುವುದಿಲ್ಲ. ಜಾರ್‌ನೊಳಗಿನ ಮಾಹಿತಿ ಫೈಲಾದ ಮ್ಯಾನಿಫೆಸ್ಟಿನಲ್ಲಿ ‘ಆ್ಯಡ್-ಓಪನ್ಸ್’ ಸಾಲು ಹಾಕಬಹುದು, ಆದರೆ ಜಾವಾ -ಜಾರ್ ಎಂದು ನೇರ ಓಡಿಸುವ ಮುಖ್ಯ ಜಾರ್‌ನಲ್ಲಿದ್ದರೆ ಮಾತ್ರ ಅದಕ್ಕೆ ಬೆಲೆ, ಲೈಬ್ರರಿ ಜಾರ್‌ನಲ್ಲಿ ಬರೆದರೆ ಲೆಕ್ಕಕ್ಕಿಲ್ಲ. ಬಿಲ್ಡ್ ಉಪಕರಣವಾದ ಮೇವನ್‌ನಲ್ಲಿ ಪರೀಕ್ಷೆಗಳು ಬೇರೆ ಜೆವಿಎಂನಲ್ಲಿ ಓಡುವುದರಿಂದ ಅವನ್ನು ಓಡಿಸುವ ಶ್ಯೂರ್‌ಫೈರ್‌ನ ‘ಆರ್ಗ್‌ಲೈನ್’ನಲ್ಲಿ ಪ್ರತ್ಯೇಕವಾಗಿ ಕೊಡಬೇಕು. ಸರ್ವರ್ ಓಡುತ್ತದೆ, ಟೆಸ್ಟ್ ಬೀಳುತ್ತದೆ, ಅಥವಾ ತಿರುಗಾ ಮುರುಗಾ, ಎಂಬ ಗೊಂದಲಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಮೂರನೆಯದಕ್ಕೆ ಸದ್ದಿಲ್ಲ

ಕಾಸ್ಟ್ ತೊಂದರೆಗೆ ಕೈಗೆ ಸಿಗುವ ಪರಿಹಾರ ಕ್ಯಾರ್ ಅರೇ ಎಂದಿದ್ದಲ್ಲಿ ಬೈಟ್ ಅರೇ ಎಂದು ಬರೆಯುವುದು. ಬರೆಯುವಾಗ ವ್ಯಾಲ್ಯೂವಿನ ಬೈಟ್‌ಗಳನ್ನು ಹಾಗೇ ಫೈಲಿಗೆ ಸುರಿಯುವುದು, ಓದುವಾಗ ಲ್ಯಾಟಿನ್-1 ಎಂದು ಹಿಂದಿರುಗಿಸುವುದು. ಇಂಗ್ಲಿಷ್ ಪರೀಕ್ಷಾ ದತ್ತದ ಮೇಲೆ ಎಲ್ಲ ಟೆಸ್ಟೂ ಹಸಿರು. ಕೋಡರ್ ಫೀಲ್ಡನ್ನು ಯಾರೂ ನೋಡಿಲ್ಲ.

ಮೈಸೂರು ಎಂಬ ಊರಿನ ಹೆಸರನ್ನು ತೆಗೆದುಕೊಳ್ಳೋಣ. ಇಂಗ್ಲಿಷ್‌ನಲ್ಲಿ ಎಂ, ವೈ, ಎಸ್, ಯು, ಆರ್, ಯು ಎಂದು ಬರೆದರೆ ‘ಲೆಂತ್’ 6, ವ್ಯಾಲ್ಯೂವಿನಲ್ಲಿ 6 ಬೈಟ್. ಕನ್ನಡದಲ್ಲಿ ಬರೆದರೆ ಮ, ಐತ್ವ, ಸ, ಊ ಕಾರ, ರ, ಉ ಕಾರ, ಹೀಗೆ ಲೆಂತ್ ಅದೂ 6, ಆದರೆ ವ್ಯಾಲ್ಯೂವಿನಲ್ಲಿ 12 ಬೈಟ್. ‘ಮ’ ಅಕ್ಷರದ ಯೂನಿಕೋಡ್ ಸಂಖ್ಯೆ ದಶಮಾನದಲ್ಲಿ 3246, ಅಂದರೆ 12ನ್ನು 256ರಿಂದ ಗುಣಿಸಿ 174 ಕೂಡಿದಷ್ಟು. ಕನ್ನಡದ ಇಡೀ ಕೋಷ್ಟಕ 3200ರಿಂದ 3327ರ ಒಳಗೆ ಇರುವುದರಿಂದ ಪ್ರತಿ ಅಕ್ಷರದ ಮೇಲಿನ ಬೈಟ್ 12. ಇಂಟೆಲ್ ಯಂತ್ರದ ಮೇಲೆ ಕೆಳಗಿನ ಬೈಟ್ ಮೊದಲು ಬರುತ್ತದೆ, ಆದ್ದರಿಂದ ಅರೇ ಹೀಗೆ ಕಾಣುತ್ತದೆ: 174, 12, 200, 12, 184, 12, 194, 12, 176, 12, 193, 12. ಇದನ್ನು ಲ್ಯಾಟಿನ್-1 ಎಂದು ಓದಿದರೆ 174 ನೋಂದಾಯಿತ ಮುದ್ರೆಯ ಚಿಹ್ನೆ, 12 ಎಂಬುದು ಹಳೆಯ ಪ್ರಿಂಟರ್‌ಗೆ ಪುಟ ತಿರುಗಿಸು ಎನ್ನುವ ‘ಫಾರ್ಮ್ ಫೀಡ್’. ಮೈಸೂರಿನ ಗ್ರಾಹಕನ ಬಿಲ್ಲಿನಲ್ಲಿ ಊರಿನ ಜಾಗದಲ್ಲಿ ಮುದ್ರೆ, ಟೊಪ್ಪಿ ಹಾಕಿದ ಇಂಗ್ಲಿಷ್ ಸ್ವರಗಳು, ನಡುನಡುವೆ ಪುಟದ ಒಡಕು.

ಎಕ್ಸೆಪ್ಶನ್ ಇಲ್ಲ, ಎಚ್ಚರಿಕೆ ಇಲ್ಲ, ಕೆಟ್ಟ ದತ್ತ ಫೈಲಿನಲ್ಲಿ ಭದ್ರ. ಹಾನಿ ಎಷ್ಟು ಎಂಬುದು ಸೀರಿಯಲೈಸರ್ ಉದ್ದವನ್ನು ಹೇಗೆ ಬರೆದಿದೆ ಎಂಬುದರ ಮೇಲೆ ನಿಂತಿದೆ. ಅರೇಯ ಉದ್ದ 12 ಎಂದು ಬರೆದು 12 ಬೈಟನ್ನೂ ಸುರಿದಿದ್ದರೆ ಉಳಿಸಿಕೊಳ್ಳಬಹುದು: ಲ್ಯಾಟಿನ್-1 ಬೈಟ್‌ಗೆ ಬೈಟ್ ನಕ್ಷೆ, ಏನೂ ಕಳೆಯುವುದಿಲ್ಲ. ಕೆಟ್ಟ ಸ್ಟ್ರಿಂಗನ್ನು ಲ್ಯಾಟಿನ್-1ರಲ್ಲಿ ಬೈಟ್‌ಗೆ ಬಿಡಿಸಿ, ಆ ಬೈಟ್‌ಗಳನ್ನು ಯುಟಿಎಫ್-16ಎಲ್ಇ ಎಂದು ಮತ್ತೆ ಓದಿದರೆ ಮೈಸೂರು ಮರಳಿ ಬರುತ್ತದೆ. ಲೆಂತ್ 6 ಎಂದು ಬರೆದು ಮೊದಲ 6 ಬೈಟ್ ಮಾತ್ರ ಸುರಿದಿದ್ದರೆ ಉಳಿದದ್ದು ‘ಮೈಸ’, ಬಾಕಿ ಅರ್ಧ ಹೋಯಿತು. 6 ಎಂದು ಬರೆದು 12 ಸುರಿದಿದ್ದರೆ ಓದುವವನು ಊರಿನ ಉಳಿದರ್ಧವನ್ನು ಮುಂದಿನ ಅಂಕಣ ಎಂದುಕೊಳ್ಳುತ್ತಾನೆ, ಅಲ್ಲಿಂದ ಮುಂದೆ ಇಡೀ ದಾಖಲೆ ಜಾರುತ್ತದೆ.

ಕೆಟ್ಟ ದಾಖಲೆಗಳನ್ನು ಹುಡುಕಲು ಈ ಜೋಡಣೆಯೇ ದಾರಿ ಕೊಡುತ್ತದೆ. ಉದ್ದ ಸಮಸಂಖ್ಯೆ, ಸೊನ್ನೆಯಿಂದ ಎಣಿಸಿದರೆ ಬೆಸ ಸ್ಥಾನಗಳಲ್ಲೆಲ್ಲ 12, 0 ಅಥವಾ 32 ಮಾತ್ರ. 12 ಕನ್ನಡ ಅಕ್ಷರಕ್ಕೆ. 0 ಖಾಲಿ ಜಾಗ, ಇಂಗ್ಲಿಷ್ ಅಂಕಿಗೆ. 32 ರೂಪಾಯಿ ಚಿಹ್ನೆಗೆ ಮತ್ತು ಕನ್ನಡ ಟೈಪಿಂಗ್‌ನಲ್ಲಿ ಒತ್ತಕ್ಷರ ತಪ್ಪಿಸಲು ಹಾಕುವ ಕಾಣದ ಜೆಡ್‌ಡಬ್ಲ್ಯೂಎನ್‌ಜೆ ಗುರುತಿಗೆ. ಪೋಸ್ಟ್‌ಗ್ರೆಸ್ ಪಠ್ಯದ ಅಂಕಣ 0 ಬೈಟನ್ನು ಒಪ್ಪುವುದಿಲ್ಲ, ಹಾಗಾಗಿ ಆ ಡೇಟಾಬೇಸಿಗೆ ಹೋದ ದತ್ತದಲ್ಲಿ ‘ಹೊಸ ಪೇಟೆ’ ಎಂದು ಬಿಡಿಸಿ ಬರೆದದ್ದು ಸಿಕ್ಕಿಬೀಳುತ್ತದೆ, ‘ಮೈಸೂರು’ ನುಸುಳುತ್ತದೆ.

ಸರಿಪಡಿಸಿದ್ದು ಹೇಗೆ

ಕೋಡರ್ ಫೀಲ್ಡನ್ನೂ ರಿಫ್ಲೆಕ್ಷನ್‌ನಿಂದ ಓದಿಬಿಡೋಣ ಎಂಬ ಸಲಹೆ ಬರುತ್ತದೆ. ಬೇಡ. ಅದೂ ಪ್ರೈವೇಟ್ ಜೋಡಣೆಯ ಇನ್ನೊಂದು ಚೂರು. ಮೆಮೊರಿಯನ್ನು ನೇರ ಮುಟ್ಟಲು ಬಿಡುವ, ‘ಸನ್.ಮಿಸ್ಕ್’ ಪ್ಯಾಕೇಜಿನ ಹಳೆಯ ಅನ್‌ಸೇಫ್ ಹಿಡಿದು ಫೀಲ್ಡಿನ ಆಫ್‌ಸೆಟ್ ಲೆಕ್ಕ ಹಾಕಿ ಓದುವುದು ಮತ್ತೊಂದು ಸಲಹೆ. ಅದಕ್ಕೆ ಆ್ಯಡ್-ಓಪನ್ಸ್ ಬೇಕಾಗದು, ನಿಜ. ಆದರೆ ಅದರ ಮೆಮೊರಿ ಮೆಥಡ್‌ಗಳನ್ನು ತೆಗೆಯಲು ಜಾವಾ 23ರಲ್ಲಿ ಗುರುತು ಹಾಕಿದ್ದಾರೆ, 24ರಿಂದ ಓಡುವಾಗ ಎಚ್ಚರಿಕೆ ಬರುತ್ತದೆ.

ಮೊದಲು ಕೇಳಬೇಕಾದದ್ದು ಅರೇ ಬೇಕಿದ್ದುದು ಏಕೆ ಎಂದು. ಉತ್ತರ: ಫೈಲಿಗೆ ಬೈಟ್ ಬರೆಯಲು. ಹಾಗಾದರೆ ‘ಗೆಟ್‌ಬೈಟ್ಸ್’ಗೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಕೊಟ್ಟರೆ ಮುಗಿಯಿತು. ಜಾವಾ 18ರ ಮುಂಚೆ ಏನೂ ಕೊಡದೆ ಕರೆದರೆ ಯಂತ್ರದ ಡಿಫಾಲ್ಟ್ ಎನ್‌ಕೋಡಿಂಗ್ ಹಿಡಿಯುತ್ತಿತ್ತು, ವಿಂಡೋಸ್‌ನಲ್ಲಿ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿದ್ದುದು ಹಾಗೆ. ಒಳಗೆ ಕೋಡರ್ ನೋಡಿ ಲ್ಯಾಟಿನ್-1ಕ್ಕೆ ಚುರುಕಾದ ದಾರಿ ಹಿಡಿಯುವ ಕೆಲಸವನ್ನು ಸ್ಟ್ರಿಂಗೇ ಮಾಡಿಕೊಳ್ಳುತ್ತದೆ, ಪ್ರೈವೇಟ್ ಫೀಲ್ಡಿನ ಹಕ್ಕುದಾರನಾಗಿ. ಹೊರಗಿನವರು ಕದ್ದು ಗಳಿಸಲು ನೋಡುತ್ತಿದ್ದ ಲಾಭದ ಬಹುಭಾಗ ಹೀಗೆ ಮುಂಬಾಗಿಲಿನಿಂದಲೇ ಸಿಗುತ್ತದೆ.

ಅಳೆದು ನೋಡಿ ಅದೂ ಸಾಲದು ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ಪ್ರತಿ ಥ್ರೆಡ್‌ಗೆ ಒಂದು ಕ್ಯಾರ್ ಬಫರ್, ಒಂದು ಬೈಟ್ ಬಫರ್ ಇಟ್ಟುಕೊಂಡು ‘ಗೆಟ್‌ಕ್ಯಾರ್ಸ್’ನಿಂದ ಕ್ಯಾರ್ ಬಫರ್ ತುಂಬಿಸಿ, ‘ಕ್ಯಾರ್‌ಸೆಟ್‌ಎನ್‌ಕೋಡರ್’ನಿಂದ ಬೈಟ್ ಬಫರ್‌ಗೆ ಇಳಿಸುವುದು. ಹೊಸ ಅರೇ ಹುಟ್ಟುವುದಿಲ್ಲ, ನಕಲು ಒಂದು ಉಳಿಯುತ್ತದೆ. ಸ್ಟ್ರಿಂಗನ್ನೇ ‘ಕ್ಯಾರ್‌ಬಫರ್.ರ್‍ಯಾಪ್’ಗೆ ಕೊಟ್ಟರೆ ಆ ನಕಲೂ ತಪ್ಪುತ್ತದಲ್ಲ ಎನ್ನಿಸಬಹುದು. ಆದರೆ ಹಾಗೆ ಸುತ್ತಿದ ಬಫರ್‌ಗೆ ಹಿಂದೆ ಅರೇ ಇರುವುದಿಲ್ಲವಾದ್ದರಿಂದ ಎನ್‌ಕೋಡರ್ ಒಂದೊಂದೇ ಅಕ್ಷರ ಕೇಳುವ ನಿಧಾನದ ದಾರಿಗೆ ಹೋಗುತ್ತದೆ. ಬೈಟ್ ಬಫರ್‌ನ ಅಳತೆ ಲೆಂತ್‌ನ ಮೂರು ಪಟ್ಟು ಇದ್ದರೆ ಯಾವ ಪಠ್ಯಕ್ಕೂ ಸಾಲುತ್ತದೆ. ಕನ್ನಡದ ಪ್ರತಿ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಸರಿಯಾಗಿ 3 ಬೈಟ್, ಮೈಸೂರಿಗೆ 18. ಇಮೋಜಿಗೆ 4, ಆದರೆ ಅದು ಲೆಂತ್‌ನಲ್ಲಿ 2 ಎಂದು ಎಣಿಕೆಯಾಗುವುದರಿಂದ ಲೆಕ್ಕ ಮೀರುವುದಿಲ್ಲ. ಎನ್‌ಕೋಡರ್ ಹಿಂದಿರುಗಿಸುವ ‘ಕೋಡರ್‌ರಿಸಲ್ಟ್’ ನೋಡದೆ ಬಿಡಬಾರದು: ಅರ್ಧ ಕತ್ತರಿಸಿದ ಇಮೋಜಿ ಸಿಕ್ಕರೆ ಗೆಟ್‌ಬೈಟ್ಸ್ ಸದ್ದಿಲ್ಲದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ, ಎನ್‌ಕೋಡರ್ ಅಲ್ಲಿಗೇ ನಿಂತು ಫಲಿತಾಂಶದಲ್ಲಿ ತಿಳಿಸುತ್ತದೆ.

ಫೈಲಿನ ತಲೆಯಲ್ಲಿ ಒಂದು ಆವೃತ್ತಿ ಬೈಟ್ ಸೇರಿಸಿ, ಹಳೆಯ ಫೈಲ್‌ಗಳನ್ನು ಹಳೆಯ ರೀತಿಯಲ್ಲೇ ಓದಿ ಹೊಸ ರೀತಿಯಲ್ಲಿ ಬರೆಯುವಂತೆ ಮಾಡಬೇಕು. ಇಲ್ಲವಾದರೆ ದುರಸ್ತಿಯ ದಿನವೇ ಹಳೆಯ ಒಳ್ಳೆಯ ದತ್ತ ಓದಲಾಗದೆ ಹೋಗುತ್ತದೆ.

ಇಂಥ ಅತಿಕ್ರಮ ಬೇರೆಲ್ಲಿ ಅಡಗಿದೆ ಎಂದು ಹುಡುಕಲು ‘ಜೆಡೆಪ್ಸ್’ ಉಪಕರಣಕ್ಕೆ ‘--ಜೆಡಿಕೆ-ಇಂಟರ್ನಲ್ಸ್’ ಕೊಟ್ಟು ಪ್ರತಿ ಜಾರ್ ಮೇಲೆ ಓಡಿಸಿ. ಆದರೆ ಅದು ಬೈಟ್‌ಕೋಡಿನಲ್ಲಿ ನೇರ ಉಲ್ಲೇಖ ಇದ್ದದ್ದನ್ನು ಮಾತ್ರ ಕಾಣುತ್ತದೆ. ವ್ಯಾಲ್ಯೂ ಎಂಬುದು ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿದ್ದರೆ ಅದಕ್ಕೆ ಕಾಣದು. ಅದಕ್ಕೆ ಜಾವಾ 11ರ ಮೇಲೆ ‘--ಇಲ್ಲೀಗಲ್-ಆ್ಯಕ್ಸೆಸ್=ಡಿಬಗ್’ ಹಾಕಿ ಪೂರ್ತಿ ಟೆಸ್ಟ್ ಓಡಿಸುವುದೇ ಸರಿಯಾದ ಬಲೆ: ಪ್ರತಿ ಅತಿಕ್ರಮಕ್ಕೂ ಎಚ್ಚರಿಕೆ, ಜೊತೆಗೆ ಯಾವ ಸಾಲಿನಿಂದ ಬಂತೆಂದು ತೋರಿಸುವ ಸ್ಟ್ಯಾಕ್ ಟ್ರೇಸ್. ಆ ಪಟ್ಟಿ ಖಾಲಿಯಾದ ಮೇಲೆ ‘ಡಿನೈ’ ಹಾಕಿ ಇನ್ನೊಮ್ಮೆ ಓಡಿಸಿ, ಆಮೇಲೆ 17ಕ್ಕೆ ಹೋಗಿ.

ಕೊನೆಗೆ ಸ್ಕ್ರಿಪ್ಟಿನಿಂದ ಆ್ಯಡ್-ಓಪನ್ಸ್ ಸಾಲನ್ನು ತೆಗೆದು, ನಾಲ್ಕು ಸ್ಟ್ರಿಂಗ್‌ಗಳನ್ನು ಪರೀಕ್ಷೆಗೆ ಶಾಶ್ವತವಾಗಿ ಸೇರಿಸಬೇಕು: ಬರೀ ಇಂಗ್ಲಿಷ್, ಬರೀ ಕನ್ನಡ, ಇಂಗ್ಲಿಷ್ ನಡುವೆ ಒಂದು ₹, ಒಂದು ಇಮೋಜಿ. ನಾಲ್ಕನ್ನೂ ಬರೆದು, ಮತ್ತೆ ಓದಿ, ‘ಈಕ್ವಲ್ಸ್’ ಹಾಕಿ ನೋಡುವುದು. ಕೋಡರ್ ತಪ್ಪು ಇದ್ದಿದ್ದರೆ ಎರಡನೆಯದರಲ್ಲೇ ಸಿಗುತ್ತಿತ್ತು.